ಕಾನಿನ ಕೆಸರಿಗೆ ಹಾಕಿದ ಕಡುಬು

...ಅಥವಾ ಬುಟ್ಟಿಯಲ್ಲಿ ಎರಡೇ ಇದ್ದವೇನೋ. ಬಾಳೆ ಎಲೆಯಲ್ಲಿ ಸುತ್ತಿದ ಕಡುಬು ಮೂರು ಎಂದು ಹೋದ ವಾರ ಬರೆದಿದ್ದೆ. ನಿನ್ನೆ ಅದನ್ನು ಹೊಡೆದುಹಾಕಿ ಎರಡು ಎಂದು ಬರೆದೆ. ಎರಡಾಗಿದ್ದರೆ ಒಂದು ಗದ್ದೆಯಲ್ಲಿ ಹೂಳಲು, ಇನ್ನೊಂದು ಬದುವಿನ ಮೇಲೆ ಕೂತು ನಾವು ಹಂಚಿ ತಿನ್ನಲು. ಅಲ್ಲಿಗೆ ಮುಗಿಯಿತು. ಮೂರಾಗಿದ್ದರೆ ಮಾತ್ರ ಮೂರನೆಯದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಬರುತ್ತದೆ. ಬೆಳಗಿನ ಮಂಜಿನಲ್ಲಿ ಚಿಕ್ಕಮ್ಮನ ಹಿಂದೆ ನಡೆದದ್ದು ನೆನಪಿದೆ. ಅವಳ ತಲೆಯ ಮೇಲಿನ ಬುಟ್ಟಿ, ಅದಕ್ಕೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಬರೆದ ಚಿತ್ತಾರ ನೆನಪಿದೆ. ಒಳಗೆ ನೋಡಿದ್ದು ನೆನಪಿಲ್ಲ. ತಲೆಯ ಮೇಲಿರುವ ಬುಟ್ಟಿಯೊಳಗೆ ನೋಡುವುದಾದರೂ ಹೇಗೆ?

ಆದರೂ ಹಾಲಿನ ಡೇರಿಯಲ್ಲಿ, ಎಲ್ಲರೆದುರು, ನೋಡಿದ್ದೇನೆ ಎಂದು ಹೇಳಿದವನು ನಾನೇ.

ನಾನಿರುವುದು ಶಿಕಾರಿಪುರದಲ್ಲಿ. ಚಿಕ್ಕಮ್ಮ, ಅಂದರೆ ನನ್ನ ತಾಯಿಯ ತಂಗಿ, ಮದುವೆಯಾಗಿ ಹೋದದ್ದು ಸೊರಬದ ಕಡೆಯ ಒಂದು ಸಣ್ಣ ಊರಿಗೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಒಂದಷ್ಟು ದೂರ ಹೋದ ಮೇಲೆ ಮೆಕ್ಕೆಜೋಳ ಕಡಿಮೆಯಾಗಿ ಕಿಟಕಿಯಿಂದ ಬರುವ ಗಾಳಿಯ ವಾಸನೆ ಬೇರೆಯಾಗುತ್ತದೆ. ಯಾವ ತಿರುವಿನಲ್ಲಿ ಎಂದು ನಾನು ಹಲವು ಸಲ ಗುರುತಿಟ್ಟುಕೊಳ್ಳಲು ನೋಡಿದ್ದೇನೆ. ಪ್ರತಿ ಸಲವೂ ಬೇರೆ ತಿರುವು.

ಅವಳ ಊರಿನ ಹಿಂದೆ ಒಂದು ಕಾನು ಇದೆ. ಸೊರಬದವರು ಕಾಡು ಬೇರೆ, ಕಾನು ಬೇರೆ ಎನ್ನುತ್ತಾರೆ. ಕಾನು ಎಂದರೆ ವರ್ಷವಿಡೀ ಹಸಿರಾಗಿರುವ, ಒಳಗೆ ಹೊಕ್ಕರೆ ಮಧ್ಯಾಹ್ನವೂ ತಣ್ಣಗಿರುವ ಹಳೆಯ ಮರಗಳ ಗುಂಪು. ಊರಿನ ಚೌಡಮ್ಮ ಅಲ್ಲಿ ಇದ್ದಾಳೆ ಎಂಬ ಕಾರಣಕ್ಕೆ ಯಾರೂ ಅದಕ್ಕೆ ಕೊಡಲಿ ಹಾಕಿಲ್ಲ. ನಡುವೆ ಒಂದು ತಗ್ಗು. ಬೇಸಿಗೆಯಲ್ಲೂ ನೀರು ಆರದ ಜೌಗು ಅದು. ಅಲ್ಲಿ ರಾಮಪತ್ರೆ ಮರಗಳ ಬೇರುಗಳು ಕೆಸರಿನಿಂದ ಮೇಲೆದ್ದು, ಮಂಡಿ ಮಡಿಸಿ ಮತ್ತೆ ಕೆಸರಿಗೇ ಇಳಿಯುತ್ತವೆ. ಚಿಕ್ಕಂದಿನಲ್ಲಿ ಅವುಗಳ ಮೇಲೆ ಕುದುರೆ ಹತ್ತಿದ ಹಾಗೆ ಕೂತು ಬೈಸಿಕೊಂಡಿದ್ದೇನೆ.

ಬೇಸಿಗೆಯಲ್ಲಿ ಚಿಕ್ಕಮ್ಮ ಕಾನಿನ ಇಳಿಜಾರಿನಲ್ಲಿ ದರಕು ಗುಡಿಸುತ್ತಾಳೆ. ದರಕು ಎಂದರೆ ಉದುರಿದ ಒಣ ಎಲೆ. ಅದು ದೊಡ್ಡ ಹೆಡಿಗೆಯಲ್ಲಿ ಕೊಟ್ಟಿಗೆಗೆ ಬಂದು, ದನದ ಕಾಲಡಿ ಹಾಸಿಗೆಯಾಗಿ, ಸಗಣಿಯೊಂದಿಗೆ ಗೊಬ್ಬರವಾಗಿ ಗದ್ದೆಗೆ ಹೋಗುತ್ತದೆ. ಮಳೆಗಾಲದಲ್ಲಿ ಬಿದ್ದ ಉಪ್ಪಾಗೆ ಹಣ್ಣು ಹೆಕ್ಕುತ್ತಾಳೆ. ಅಡುಗೆಯ ಹುಳಿಗೆ ಬಳಸುವ ಅದರ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಮಾರುತ್ತಾಳೆ. ಮನೆಯಲ್ಲಿ ಯಾರನ್ನೂ ಕೇಳದೆ ಅವಳು ಖರ್ಚು ಮಾಡುವುದು ಆ ದುಡ್ಡನ್ನು ಮಾತ್ರ. ಅವಳ ಇಡೀ ವರ್ಷ ಕಾನಿಗೆ ಹೋಗುವ ಆ ಒಂದು ಕಾಲುದಾರಿಯ ಮೇಲೆ ನಿಂತಿದೆ ಎಂದರೆ ಹೆಚ್ಚಿನ ಮಾತಾಗಲಾರದು.

ನವರಾತ್ರಿಯ ಹೊತ್ತಿಗೆ ಅವಳ ಫೋನು ಬಂತು.

"ಅಪ್ಪೀ, ಕಾನಿಗೆ ದುಡ್ಡು ಕೊಡ್ತಾರಂತೆ. ಕಾಗ್ದ ಬಂದೈತೆ, ಎಲ್ಲ ಇಂಗ್ಲಿಷು. ನನ್ನ ಮೈದ್ನ ಓದಿ ಹೇಳ್ತೀನಿ ಅಂತಾನೆ. ಅವ ಓದಿದ್ರೆ ಅವನಿಗೆ ಬೇಕಾದ್ದು ಮಾತ್ರ ಕೇಳ್ತದೆ. ನೀ ಬಾ."

ಮೈದುನ ಎಂದರೆ ಊರಿನ ಅರಣ್ಯ ಸಮಿತಿಯ ಅಧ್ಯಕ್ಷರು. ಒಳ್ಳೆಯ ಮನುಷ್ಯ, ಆತುರ ಜಾಸ್ತಿ. ನಾನು ಹೋದಾಗ ಡೇರಿಯಲ್ಲಿ ಬೆಳಗಿನ ಹಾಲು ಅಳೆದು ಮುಗಿದಿತ್ತು. ಕ್ಯಾನುಗಳನ್ನು ಗೋಡೆಗೆ ಸರಿಸಿ ಒಂದಿಪ್ಪತ್ತು ಜನ ಕೂತಿದ್ದರು. ಆ ಕಾಗದ ಕಳಿಸಿದ ಕಂಪನಿಯ ಕಡೆಯಿಂದ ಬಂದಿದ್ದವರು ಕುಮಟಾ ಕಡೆಯ ನಡುವಯಸ್ಸಿನ ಒಬ್ಬರು. ಅಲ್ಲಿ ಅವರು ಕಾಂಡ್ಲಾ ಕಾಡಿನ ಕೆಲಸದಲ್ಲಿದ್ದರು. ಉಪ್ಪುನೀರು ಏರಿ ಇಳಿಯುವ ಹೊಳೆಬಾಯಿಯ ಕೆಸರಿನಲ್ಲಿ ಬೆಳೆಯುವ ಗಿಡ ಕಾಂಡ್ಲಾ. ಬಂದ ದಿನವೇ ಊರು ಅವರಿಗೆ ಕಾಂಡ್ಲಾ ಸರ್ ಎಂದು ಹೆಸರಿಟ್ಟಿತ್ತು.

ಅದರ ಹಿಂದಿನ ತಿಂಗಳು ಅವರು ಮೊದಲ ಸಲ ಜೌಗಿಗೆ ಇಳಿದಾಗ ರಾಮಪತ್ರೆಯ ಬೇರು ನೋಡಿ ಸುಮ್ಮನೆ ನಿಂತುಬಿಟ್ಟಿದ್ದರಂತೆ. ಕಡಲಿಲ್ಲದ ಊರಿನಲ್ಲಿ ಕಾಂಡ್ಲಾದ ನೆಂಟರು ಸಿಕ್ಕಿದರು ಎಂದರಂತೆ. ಇದು ಅಧ್ಯಕ್ಷರು ಹೇಳಿದ್ದು. ಚಿಕ್ಕಮ್ಮ ಹೇಳುವ ಪ್ರಕಾರ ಅವರು ನಿಂತದ್ದು ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಂಡಿದ್ದಕ್ಕೆ.

ಲೆಕ್ಕವನ್ನು ಅವರು ಸರಳವಾಗಿಯೇ ಹೇಳಿದರು. ಗಾಳಿಯಲ್ಲಿ ಸೇರಿದ ಇಂಗಾಲವನ್ನು ಮರ ತಿನ್ನುತ್ತದೆ, ಎಲೆ ಉದುರಿಸುತ್ತದೆ. ಒಣನೆಲದಲ್ಲಿ ಎಲೆ ಕೊಳೆತು ಇಂಗಾಲ ಬೇಗ ಗಾಳಿಗೆ ವಾಪಸಾಗುತ್ತದೆ. ನೀರು ನಿಂತ ಕೆಸರಿನಲ್ಲಿ ಕೊಳೆಯುವುದು ಬಹಳ ನಿಧಾನ, ಹಾಗಾಗಿ ಅಲ್ಲೇ ಉಳಿಯುತ್ತದೆ. ಕಾಂಡ್ಲಾಕ್ಕೆ ಬೆಲೆ ಬಂದದ್ದು ಮರದಿಂದ ಅಲ್ಲ, ಬುಡದ ಕೆಸರಿನಿಂದ. ಎಲ್ಲೋ ದೂರದ ಕಾರ್ಖಾನೆ ತಾನು ಬಿಟ್ಟ ಹೊಗೆಗೆ ಬದಲಾಗಿ, ಇಲ್ಲಿ ಹಿಡಿದಿಟ್ಟದ್ದನ್ನು ತನ್ನ ಹೆಸರಿಗೆ ಬರೆಸಿಕೊಂಡು ದುಡ್ಡು ಕೊಡುತ್ತದೆ.

"ಅಂದ್ರೆ ಅವರು ಒಲೆ ಹಚ್ಚದು, ಮಸಿ ನಮ್ಮನೇಲಿ ಇಟ್ಕಳದು" ಎಂದಳು ಚಿಕ್ಕಮ್ಮ.

"ಸರಿಯಾಗೇ ಹೇಳಿದ್ರಿ ಅಮ್ಮಾ" ಎಂದರು ಕಾಂಡ್ಲಾ ಸರ್. "ನಾ ಅರ್ಧ ಗಂಟೆ ಹೇಳೂದು ನೀವು ಒಂದೇ ಮಾತಲ್ಲಿ ಮುಗಿಸಿದ್ರಿ."

ನಾನು ಫಾರಂ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಅದು ಕಾಂಡ್ಲಾ ಕಾಡಿಗೆಂದು ತಯಾರಾದ ಫಾರಂ. ಮೇಲೆ ಬರೆದ ಊರಿನ ಹೆಸರು ಮಾತ್ರ ಬದಲಾಗಿತ್ತು. ದಿನಕ್ಕೆ ಎಷ್ಟು ಸಲ ನೀರಿನ ಉಬ್ಬರ ಎಂಬ ಪ್ರಶ್ನೆ ಬಂತು. ಡೇರಿಯಲ್ಲಿ ಗಂಭೀರ ಚರ್ಚೆಯಾಯಿತು. ಕೊನೆಗೆ, ವರ್ಷಕ್ಕೆ ಒಂದು ಸಲ, ಆಷಾಢದಲ್ಲಿ, ಗದ್ದೆಯ ಮೇಲಿನ ಬದುವಿನವರೆಗೆ ಎಂದು ಬರೆಸಿದರು. ನಾನು ಹಾಗೇ ಬರೆದೆ. ಏಡಿಗಳು ಇವೆಯೇ ಎಂಬುದಕ್ಕೆ ಇವೆ, ಸಾರು ಒಳ್ಳೆಯದಾಗುತ್ತದೆ ಎಂದರು. ಇವೆ ಎಂದಷ್ಟೇ ಬರೆದೆ.

ಇನ್ನೊಂದು ಪ್ರಶ್ನೆಯಲ್ಲಿ ನಗು ನಿಂತಿತು. ಈ ಹಣ ಬಾರದಿದ್ದರೆ ಮುಂದೆ ಈ ಕಾಡನ್ನು ಕಡಿಯುತ್ತೀರಾ?

"ಹೌದು ಅಂತ ಬರಿ" ಎಂದರು ಅಧ್ಯಕ್ಷರು. "ಇಲ್ಲ ಅಂದ್ರೆ ದುಡ್ಡು ಬರಲ್ಲ. ಹೆಂಗೂ ಉಳಿಯೋ ಕಾಡಿಗೆ ಯಾರು ಕೊಡ್ತಾರೆ?"

"ಏ ಮಾರಾಯ, ಚೌಡಮ್ಮನ ಮರ ಯಾರು ಕಡೀತಾರೆ? ನಿನ್ನ ಕೈಗೆ ಕೊಡಲಿ ಕೊಟ್ರೆ ಮರಕ್ಕಿಂತ ಮೊದ್ಲು ನಿಂಗೇ ನಡುಕ ಬರ್ತದೆ."

"ಅತ್ತಿಗೆ, ಇದು ಕಾಗ್ದದ್ ಮಾತು. ಚೌಡಮ್ಮಂಗೆ ಇಂಗ್ಲಿಷು ಬರಲ್ಲ."

ಕಾಂಡ್ಲಾ ಸರ್ ಕಿಟಕಿಯ ಕಡೆ ನೋಡುತ್ತಿದ್ದರು. ನಾನು 'ಕಡಿಯುವ ಸಂಭವವನ್ನು ತಳ್ಳಿಹಾಕಲಾಗದು' ಎಂದು ಬರೆದೆ. ಅದು ಸುಳ್ಳೋ ನಿಜವೋ ನನಗೆ ಈಗಲೂ ತೀರ್ಮಾನವಾಗಿಲ್ಲ. ಒಂದು ಕಾಡನ್ನು ಕಾಪಾಡಿದ ಊರು ಬಹುಮಾನ ಪಡೆಯಲು, ತಾನು ಅದನ್ನು ಕಾಪಾಡುವುದಿಲ್ಲ ಎಂದು ಹೆದರಿಸಬೇಕು. ಹೀಗೊಂದು ವಾಕ್ಯವನ್ನು ಕಟ್ಟಿಕೊಟ್ಟದ್ದಕ್ಕೆ ನನಗೆ ಚಹಾದ ಜೊತೆ ಎರಡು ಬಿಸ್ಕತ್ತು ಸಿಕ್ಕಿತು.

ಕೊನೆಯ ಪುಟದಲ್ಲಿತ್ತು ಅಸಲು ವಿಷಯ. ಗಡಿಯೊಳಗಿಂದ ಎಲೆ, ಹಣ್ಣು, ಕಟ್ಟಿಗೆ, ಮಣ್ಣು ಯಾವುದನ್ನೂ ಹೊರಗೆ ಒಯ್ಯತಕ್ಕದ್ದಲ್ಲ.

"ಇನ್ನೊಂದ್ ಸಲ ಓದು" ಎಂದಳು ಚಿಕ್ಕಮ್ಮ. ಓದಿದೆ.

"ಎಲೆ ಅಂದ್ರೆ ದರಕೂ ಸೇರಿತಾ?"

"ಸೇರ್ತದೆ ಅಮ್ಮಾ" ಎಂದರು ಕಾಂಡ್ಲಾ ಸರ್. "ಎಲೆಯೇ ಅಲ್ದಾ ಕೆಸರಾಗೂದು? ಆದ್ರೆ ಇದು ಕಡಲ ಬದಿ ಬರೆದ ಸಾಲು. ಇಲ್ಲಿ ಎಲೆ ಗುಡಿಸಿದ್ರೆ ಮಣ್ಣಿಗೆ ನಷ್ಟ ಉಂಟೋ ಇಲ್ವೋ ನೋಡ್ಬೇಕು. ಮಣ್ಣು ತೆಗೆದು ಕಳಿಸ್ತೇನೆ, ಬೇಸಿಗೆಯಲ್ಲಿ ದರಕು ಗುಡಿಸಿ ಆದ ಮೇಲೆ ಅಲ್ಲೇ ಇನ್ನೊಮ್ಮೆ ತೆಗೀತೇನೆ. ನೀವು ಗುಡಿಸೂ ಜಾಗದಲ್ಲಿ ಎರಡು ಕಡೆ, ಗುಡಿಸದ ಜೌಗಿನಲ್ಲಿ ಎರಡು ಕಡೆ. ಆಮೇಲೆ ಸಾಲು ಇಡೂದೋ ತೆಗೆಯೂದೋ ಮಾತಾಡುವಾ."

ಮಣ್ಣು ತೆಗೆಯಲು ಅವರು ತಂದದ್ದು ಉದ್ದನೆಯ ಕಬ್ಬಿಣದ ಕೊಳವೆ. ಅದನ್ನು ಹೆಗಲ ಮೇಲಿಟ್ಟುಕೊಂಡು ಮರುದಿನ ಕಾನಿನ ಬಾಯಿಗೆ ಬಂದಾಗ ಹೆಂಗಸರು ದಾರಿಗೆ ಅಡ್ಡ ನಿಂತಿದ್ದರು. ಭೂಮಿ ಹುಣ್ಣಿಮೆಗೆ ನಾಲ್ಕೇ ದಿನ ಇತ್ತು. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುವ ಆ ದಿನಗಳಲ್ಲಿ ಭೂಮಿ ಬಸುರಿ. ಹುಣ್ಣಿಮೆಯ ಬೆಳಗ್ಗೆ ಅವಳಿಗೆ ಬಯಕೆಯ ಊಟ ಹಾಕಬೇಕು. ಅನ್ನ, ಸೊಪ್ಪು, ಅಮಟೆಕಾಯಿ ಕಲಸಿದ ಚರಗವನ್ನು ಗದ್ದೆಯ ತುಂಬ ಬೀರಿ, ಒಂದು ಕಡುಬನ್ನು ಮಣ್ಣಿನಲ್ಲಿ ಹೂತಿಟ್ಟು, ಕೊಯ್ಲಿನ ಹೊತ್ತಿಗೆ ತೆಗೆಯುತ್ತಾರೆ.

"ಬಸುರಿ ಹೊಟ್ಟೆಗೆ ಕಬ್ಬಿಣ ಚುಚ್ತೀರಾ ಸರ್? ನಿಮ್ಮನೇಲಿ ಹೆಣ್ಮಕ್ಕಳಿಲ್ವಾ?" ಎಂದಳು ಚಿಕ್ಕಮ್ಮ.

ಕಾಂಡ್ಲಾ ಸರ್ ಕೊಳವೆಯನ್ನು ಹೆಗಲಿಂದ ಇಳಿಸಿದರು. ಆಮೇಲೆ ಯಾರೋ ದಪ್ಪ ಬಿದಿರು ಕಡಿದು, ಒಳಗಿನ ಗಂಟು ತೆಗೆದು ಕೊಟ್ಟರು. ಕೆಸರಿಗೆ ಬಿದಿರೇ ಚೆನ್ನಾಗಿ ಇಳಿಯಿತು. ನಾಲ್ಕು ಜಾಗಕ್ಕೂ ಗುರುತಿಗೆ ಗೂಟ ನೆಟ್ಟು ಕೆಂಪು ಪಟ್ಟಿ ಕಟ್ಟಿದರು. ಜೌಗಿನ ಒಂದು ಗೂಟದ ಬಳಿ ತೂತು ಮುಚ್ಚಿಕೊಳ್ಳದೆ, ನೀರು ತುಂಬಿ, ಕಣ್ಣಿನ ಹಾಗೆ ಉಳಿಯಿತು. ಚಿಕ್ಕಮ್ಮ ಅದನ್ನೇ ನೋಡುತ್ತಿದ್ದಳು. ಇದನ್ನು ನಾನು ಆಗ ಗಮನಿಸಿದೆನೋ ಅಥವಾ ಈಗ ಕತೆಗೆ ಬೇಕಾಗಿ ಅವಳ ಮುಖವನ್ನು ಆ ಕಡೆ ತಿರುಗಿಸುತ್ತಿದ್ದೇನೆಯೋ ಹೇಳಲಾರೆ.

ಹುಣ್ಣಿಮೆಯವರೆಗೂ ಅಲ್ಲೇ ಉಳಿದೆ. ಆ ಬೆಳಗ್ಗೆ ಗದ್ದೆಗೆ ಹೋದೆವು. ಚರಗ ಬೀರಿದೆವು, ಚಿಕ್ಕಮ್ಮ ಗದ್ದೆಯ ಮೂಲೆಯಲ್ಲಿ ಕಡುಬು ಹೂತಳು. ಬದುವಿನ ಮೇಲೆ ಕೂತು ಉಂಡೆವು. ಅಷ್ಟು ರುಚಿಯ ಊಟವನ್ನು ನಾನು ಆಮೇಲೆ ಮಾಡಿಲ್ಲ. ಅದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಉಂಡ ಮೇಲೆ ಅವಳು "ಕೈ ತೊಳ್ಕಂಡ್ ಬತ್ತೀನಿ" ಎಂದು ಎದ್ದು ಹೋದಳು. ಕಾನಿನ ಕಡೆಗೋ, ಕಾಲುವೆಯ ಕಡೆಗೋ? ಎರಡೂ ಒಂದೇ ದಿಕ್ಕು. ಕಾಲುವೆಯ ನೀರು ಬರುವುದೇ ಕಾನಿನ ಜೌಗಿನಿಂದ.

ಮುಂದಿನ ಮಳೆಗಾಲ ಹಿಡಿಯುವ ಮುಂಚೆ ಮತ್ತೆ ಅದೇ ಡೇರಿಯಲ್ಲಿ ಸೇರಿದೆವು. ಎರಡನೆಯ ಸಲದ ಮಣ್ಣಿನ ಪರೀಕ್ಷೆಯ ಕಾಗದ ಬಂದಿತ್ತು. ಕಾಂಡ್ಲಾ ಸರ್ ಮುಖದಲ್ಲಿ ಖುಷಿಯೂ ಸಂಕೋಚವೂ ಇತ್ತು. ಮೂರು ಗೂಟದ ಮಣ್ಣು ಹೆಚ್ಚುಕಡಿಮೆ ಮೊದಲಿನ ಹಾಗೇ ಇತ್ತು. ಜೌಗಿನ ಒಂದು ಗೂಟದಲ್ಲಿ ಮಾತ್ರ ಇಂಗಾಲ ಬಹಳ ಏರಿತ್ತು.

"ಗುಡಿಸದ ಜಾಗ ಇದು" ಎಂದರು. "ಎಲೆ ಬಿಟ್ರೆ ಕೆಸರು ಎಷ್ಟು ಬೇಗ ತುಂಬ್ತದೆ ಅಂತ ಇದು ತೋರಿಸ್ತದೆ. ಕಂಪನಿಯವ್ರು ಸಾಲು ಇಡೂದೇ ಸರಿ ಅಂತಿದ್ದಾರೆ. ಇಳಿಜಾರಲ್ಲೂ ಗುಡಿಸೂದು ನಿಲ್ಲಿಸಿದ್ರೆ ದುಡ್ಡೂ ಏರ್ತದೆ."

"ಅಲ್ಲಿಗೆ ಮುಗೀತು" ಎಂದರು ಅಧ್ಯಕ್ಷರು. "ಅತ್ತಿಗೆ, ಇನ್ ಮೇಲೆ ಕೊಟ್ಟಿಗೆಗೆ ಹುಲ್ಲು ಹಾಸು. ಆರಾಮಾಗಿ ಮನೇಲಿರು."

"ಹುಲ್ಲು ಹಾಸಿದ್ರೆ ದನ ಎಂತ ತಿಂತದೆ, ನಿನ್ನ ಕಾಗ್ದನಾ?"

ಎಲ್ಲರೂ ನಕ್ಕರು. ಚಿಕ್ಕಮ್ಮ ನಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಂಡ್ಲಾ ಸರ್ ಕಡೆ ತಿರುಗಿದಳು.

"ಯಾವ ಗೂಟ ಸರ್ ಅದು? ದೊಡ್ಡ ಬೇರಿನ ಪಕ್ಕದ್ದಾ?"

"ಅದೇ."

"ತೂತು ಮುಚ್ಚಿರ್ಲಿಲ್ಲಲ, ಅದಾ?"

"ಹೌದ್ರಾ. ಎರಡನೇ ಸಲವೂ ಅದೇ ತೂತಿಗೆ ಬಿದಿರು ಇಳಿಸಿದ್ದು. ಸಲೀಸಾಗಿ ಹೋಯ್ತು."

"ಹೋಗದೇ ಎಂತ? ಅದ್ರಾಗೆ ನಾ ಕಡುಬು ಹಾಕಿದ್ನಲ."

ಕಾಂಡ್ಲಾ ಸರ್ ಕಾಗದದಿಂದ ತಲೆ ಎತ್ತಿದರು.

"ಹುಣ್ಣಿಮೆ ದಿನ" ಎಂದಳು. "ಬಸುರಿ ಮೈಗೆ ತೂತು ಮಾಡಿ ಹಂಗೇ ಬಿಟ್ಟು ಹೋದ್ರಿ ನೀವು. ನಂಗೆ ಮನಸ್ಸು ತಡೀಲಿಲ್ಲ. ಕಡುಬು ಹಾಕಿ, ಮೇಲೆ ಚರಗ ಹಾಕಿ, ಮೇಲೊಂದು ಹೆಡಿಗೆ ಗೊಬ್ಬರ ಹಾಕಿ ತುಳಿದೆ. ಕೊಯ್ಲಿಗೆ ತೆಗೆಯಣ ಅಂತ ಹೋದ್ರೆ ಕೆಸರು ನುಂಗಿಬಿಟ್ಟಿತ್ತು."

ಆಮೇಲೆ ಎದ್ದ ನಗು ಕ್ಯಾನುಗಳಿಗೆ ತಾಗಿ ಗಣಗಣ ಎಂದಿತು. ಅಧ್ಯಕ್ಷರು ಹಣೆಗೆ ಕೈ ಹಚ್ಚಿಕೊಂಡರು. "ಅತ್ತಿಗೆ! ಕಂಪನಿಯವ್ರು ನಿನ್ನ ಕಡುಬಿಗೆ ರೇಟು ಕಟ್ಟಿದಾರೆ!"

"ರೇಟು ಕಟ್ಲಿ ಬಿಡು. ನಿನ್ನ ಹೆಂಡ್ತಿ ಕಡುಬಿಗೆ ಕಟ್ಟಲ್ಲ."

ಕಾಂಡ್ಲಾ ಸರ್ ನಗುತ್ತಲೇ ಪೆನ್ನಿನ ಟೊಪ್ಪಿ ತೆಗೆದರು, ಮತ್ತೆ ಹಾಕಿದರು. "ಅಮ್ಮಾ, ಯಾರಾದ್ರೂ ನೋಡಿದಾರಾ? ನಾ ಮೇಲಿನವ್ರಿಗೆ ಬರೆದು ಕಳಿಸ್ಬೇಕು."

ಚಿಕ್ಕಮ್ಮ ನನ್ನ ಕಡೆ ನೋಡಿದಳು. "ಇವ ಇದ್ನಲ. ನೀ ನೋಡಿದೀಯಲ್ಲ ಅಪ್ಪೀ, ಬುಟ್ಟೀಲಿ ಇನ್ನೊಂದು ಕಡುಬು ಇದ್ದದ್ದು?"

ಎಷ್ಟು ಹೊತ್ತು ತಡೆದೆ? ಬರೆಯುವಾಗ ಆ ಹೊತ್ತನ್ನು ಉದ್ದ ಮಾಡಬೇಕೆನಿಸುತ್ತದೆ. ನಿಜಕ್ಕೂ ನಾನು ತಡೆದ ಹಾಗಿಲ್ಲ.

"ಹೌದ್ರೀ ಸರ್, ನೋಡೀನಿ. ಮೂರು ಇದ್ವು" ಎಂದೆ.

ಆ ಮಾತು ಹೊರಬಂದ ಕ್ಷಣದಲ್ಲೇ ನನಗೆ ಮೂರು ಕಡುಬು ಕಾಣಿಸಿದವು. ಬಾಳೆ ಎಲೆಯ ಅಂಚು ಬೆಂದು ಕಂದಾಗಿದ್ದದ್ದು, ಒಂದರ ದಾರ ಸಡಿಲವಾಗಿದ್ದದ್ದು, ಎಲ್ಲ. ಅಂದಿನಿಂದ ಅವು ನನ್ನ ನೆನಪಿನಲ್ಲಿ ಗಟ್ಟಿಯಾಗಿ ಕೂತಿವೆ. ಹೇಳುವುದಕ್ಕಿಂತ ಮುಂಚೆ ಅವು ಅಲ್ಲಿದ್ದವೇ ಎಂದು ಹುಡುಕಲು ಹೋದರೆ ದಾರಿ ಸಿಗುವುದಿಲ್ಲ.

ಕಾಂಡ್ಲಾ ಸರ್ ಆ ಗೂಟದ ಅಂಕಿಯ ಮೇಲೆ ಗೆರೆ ಎಳೆದರು. ಉಳಿದ ಮೂರರಲ್ಲಿ ಗುಡಿಸಿದ ಜಾಗಕ್ಕೂ ಗುಡಿಸದ ಜಾಗಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮೂರು ಗೂಟದಿಂದ ಹೆಚ್ಚೇನೂ ಹೇಳಲು ಬರುವುದಿಲ್ಲ ಎಂದೂ ಅವರೇ ಸೇರಿಸಿದರು. ಆಮೇಲೆ ಅವರ ಊರಿನ ಒಂದು ಸಂಗತಿ ಹೇಳಿದರು. ಹೊಳೆಬಾಯಿಯಲ್ಲಿ ಕಾಂಡ್ಲಾ ಸಸಿ ನೆಟ್ಟಾಗ, ಇಳಿತದ ಹೊತ್ತಿಗೆ ಬಳಚು ಎಂಬ ತಿನ್ನುವ ಚಿಪ್ಪನ್ನು ಹೆಕ್ಕಲು ಬರುವ ಹೆಂಗಸರನ್ನು ಬೇಲಿ ಹಾಕಿ ಹೊರಗಿಟ್ಟರಂತೆ. ಸಸಿಗೆ ಪಾಚಿ ಸುತ್ತಿದರೆ ಬಿಡಿಸುವವರಿಲ್ಲ, ದನ ನುಗ್ಗಿದರೆ ಓಡಿಸುವವರಿಲ್ಲ. ಕಾವಲಿಗೆ ಸಂಬಳದ ಜನ ಇಡಬೇಕಾಯಿತು. ಬಂದ ದುಡ್ಡೆಲ್ಲ ಕಾವಲಿಗೇ ಹೋಗುತ್ತದೆ ಎಂದಾದಾಗ ಬೇಲಿ ಕಿತ್ತರು. ದಿನಾ ಒಳಗೆ ಹೋಗುವವರೇ ಬಿಟ್ಟಿ ಕಾವಲುಗಾರರು ಎಂದು ಕಂಪನಿಗೆ ಅರ್ಥವಾಗಲು ಎರಡು ಮಳೆಗಾಲ ಹಿಡಿಯಿತಂತೆ.

"ಬಿಟ್ಟಿ ಅಲ್ಲ ಸರ್" ಎಂದಳು ಚಿಕ್ಕಮ್ಮ. "ದರಕು ನಮ್ಮ ಸಂಬಳ."

ಅವರು ಕಾಗದವನ್ನು ನನ್ನ ಕಡೆ ತಳ್ಳಿದರು. ಜೌಗಿನೊಳಗಿಂದ ಏನನ್ನೂ ಒಯ್ಯತಕ್ಕದ್ದಲ್ಲ, ಇಳಿಜಾರಿನ ಒಣ ಎಲೆ ಮತ್ತು ಬಿದ್ದ ಹಣ್ಣಿಗೆ ಮೊದಲಿನಿಂದ ಹೋಗುತ್ತಿದ್ದವರಿಗೆ ಅಡ್ಡಿಯಿಲ್ಲ ಎಂದು ಎರಡೂ ಭಾಷೆಯಲ್ಲಿ ಬರೆದೆ. ಮೇಲಿನವರು ಅದನ್ನು ಒಪ್ಪಿದರು. ಅಧ್ಯಕ್ಷರು ಸಹಿ ಹಾಕುವಾಗ ಇದರಿಂದ ಊರಿಗೆ ಬರುವುದು ಕಡಿಮೆಯಾಯಿತು ಎಂದು ಗೊಣಗಿದರು, ಹಾಕಿದ ಮೇಲೆ ಎಲ್ಲರಿಗೂ ಚಹಾ ತರಿಸಿದರು.

ಹೋದ ಬೇಸಿಗೆಯಲ್ಲಿ ಹೋಗಿದ್ದೆ. ಚಿಕ್ಕಮ್ಮ ಹೆಡಿಗೆ ಹೊತ್ತು ಕಾನಿನಿಂದ ಇಳಿದು ಬರುತ್ತಿದ್ದಳು. ತಲೆಯ ಮೇಲಿನ ದರಕಿನ ರಾಶಿಯಡಿ ಅವಳ ಮುಖ ಸಣ್ಣದಾಗಿ ಕಾಣುತ್ತಿತ್ತು. ಕೊಟ್ಟಿಗೆಯಲ್ಲಿ ಅದನ್ನು ಸುರಿದಾಗ ಎದ್ದ ವಾಸನೆಗೆ ಎಮ್ಮೆ ಕತ್ತೆತ್ತಿ ನೋಡಿತು. ನಾವು ಜಗಲಿಯಲ್ಲಿ ಕೂತು ಉಪ್ಪಾಗೆಯ ಪಾನಕ ಕುಡಿದೆವು. ನನಗೆ ಬಹಳ ಹಿತವಾಗಿತ್ತು. ಆ ಹಿತದಲ್ಲೇ ಕೇಳಿದೆ.

"ಚಿಕ್ಕಮ್ಮ, ನಿಜ ಹೇಳು. ಕಡುಬು ಹಾಕಿದ್ದೆಯಾ?"

"ನೀನೇ ನೋಡೀನಿ ಅಂದ್ಯಲ, ಮಾರಾಯ" ಎಂದು ಲೋಟ ಎತ್ತಿಕೊಂಡು ಒಳಗೆ ಹೋದಳು.

ಅವಳು ನನ್ನ ಮಾತನ್ನು ನಂಬಿದಳೋ, ನಾನು ಅವಳದನ್ನು ನಂಬಿದೆನೋ ತಿಳಿಯದು. ಕಡುಬು ಹಾಕಿರದಿದ್ದರೆ ಆ ಕೆಸರು ಉದುರಿದ ಎಲೆಯಿಂದ ತಾನಾಗಿಯೇ ತುಂಬಿಕೊಂಡಿತ್ತು ಎಂದರ್ಥ. ಹಾಗಾದರೆ ಕಂಪನಿಯ ಮೊದಲಿನ ಸಾಲು ಸರಿಯಿತ್ತು, ಚಿಕ್ಕಮ್ಮನ ಒಂದೊಂದು ಹೆಡಿಗೆಗೂ ಕಾನಿನ ಮಣ್ಣು ಒಂದಿಷ್ಟು ಬಡವಾಗುತ್ತಿದೆ. ಹಾಕಿದ್ದರೆ, ನಾನು ಬರೆದ ಸಾಲು ಸರಿ. ಬುಟ್ಟಿಯಲ್ಲಿ ಎಷ್ಟಿದ್ದವೋ ನನಗೆ ಗೊತ್ತಿಲ್ಲ.